ಕೂಗದ ಹೆಸರು

ಕಾಪ್‌ಕೀಮಾ ಮೈಕಿನ ಗುಂಡಿ ಒತ್ತಿದ, ಎರಡು ಸಲ ಉಫ್ ಉಫ್ ಎಂದು ಊದಿ ನೋಡಿದ, ಇನ್ನೇನು ಬಾಯಿ ತೆರೆಯಬೇಕು ಅನ್ನುವಷ್ಟರಲ್ಲಿ ನರ್ಸ್ ಬಿಯಾಕಿ ಬಾಗಿಲು ನೂಕಿಕೊಂಡು ಒಳಗೆ ಬಂದು ತಂತಿಯನ್ನೇ ಕಿತ್ತು ಕೈಯಲ್ಲಿ ಹಿಡಿದುಕೊಂಡಳು.

"ಕೂಗಬೇಡ ಮಾವ! ಈಗ ಕೂಗಿದ್ರೆ ಇನ್ನೆರಡು ಜೀವ ಹೋಗುತ್ತೆ!"

ಮೂವತ್ತೊಂದು ವರ್ಷಗಳಿಂದ ತ್ಲಾಂಗ್‌ವೇಲ್ ಊರಿನಲ್ಲಿ ಸುದ್ದಿ ಸಾರುವವನು ಅವನೇ. ಇಷ್ಟು ವರ್ಷಗಳಲ್ಲಿ ಯಾರೂ ಅವನ ಬಾಯಿ ಮುಚ್ಚಿಸಿರಲಿಲ್ಲ. ಊರ ಕಚೇರಿಯ ತಗಡಿನ ಮಾಡಿನ ಮೇಲೆ ನಾಲ್ಕು ದಿಕ್ಕಿಗೆ ನಾಲ್ಕು ಧ್ವನಿವರ್ಧಕ. ಹಂದಿ ತಪ್ಪಿಸಿಕೊಂಡರೂ, ಪಡಿತರದ ಸಕ್ಕರೆ ಬಂದರೂ, ಚರ್ಚಿನ ಸಭೆ ಮುಂದಕ್ಕೆ ಹೋದರೂ ಅವನೇ ಕೂಗಬೇಕು. ಆದರೆ ಅವೆಲ್ಲ ಪುಡಿಗೆಲಸ. ಅವನ ನಿಜವಾದ ಕೆಲಸ ಸಾವನ್ನು ಸಾರುವುದು. ಯಾರ ಉಸಿರು ನಿಂತರೂ ಸರಿ, ಸತ್ತವರ ಹೆಸರು, ತಂದೆಯ ಹೆಸರು, ವಯಸ್ಸು, ಯಾರ ಮನೆಯಲ್ಲಿ ಸಾವಾಗಿದೆ ಎಂಬುದು ಒಂದು ಗಂಟೆಯೊಳಗೆ ಊರಿಗೆಲ್ಲ ಕೇಳಬೇಕು. ಅಷ್ಟು ಕೇಳಿದರೆ ಸಾಕು, ಮುಂದಿನದನ್ನು ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಮನೆಗೊಬ್ಬ ಗಂಡಸು ಗುದ್ದಲಿ ಹಿಡಿದು ಸ್ಮಶಾನಕ್ಕೆ ಹೋಗುತ್ತಾನೆ, ಹೆಂಗಸರು ಸಾವಿನ ಮನೆಗೆ ಹೋಗುತ್ತಾರೆ. ಹೆಣದ ತಲೆಯ ಬಳಿ ಮನೆಯವರು, ಅವರ ಸುತ್ತ ಊರು, ಡೋಲು, ಹಾಡು, ಬೋಗುಣಿಗಟ್ಟಲೆ ಚಹಾ. ಒಬ್ಬರೇ ಕೂತು ಅಳುವುದೆಂದರೆ ಹೇಗಿರುತ್ತದೆಂದು ಆ ಊರಿನವರಿಗೆ ಗೊತ್ತೇ ಇಲ್ಲ. ತನ್ನ ಹೆತ್ತ ತಾಯಿಯ ಸಾವನ್ನೂ ಕಾಪ್‌ಕೀಮಾನೇ ಕೂಗಿದ್ದ, ಅದೂ ದನಿ ನಡುಗಿಸದೆ. ಅದರ ಬಗ್ಗೆ ಅವನಿಗೆ ಒಳಗೊಳಗೇ ಜಂಬವೂ ಇತ್ತು.

ಈ ದಿನ ಅವನು ಕೂಗಬೇಕಾಗಿದ್ದ ಹೆಸರು ಲಿಯಾನ್ ಮಾಂಗ್.

ಅರ್ಧ ಗಂಟೆಯ ಹಿಂದೆ ಯುವಕ ಸಂಘದ ಕಾರ್ಯದರ್ಶಿ ಛಾನಾ ಮೊಣಕಾಲಿನವರೆಗೆ ಒದ್ದೆಯಾದ ಪ್ಯಾಂಟಿನಲ್ಲಿ ಬಂದು ಸುದ್ದಿ ಮುಟ್ಟಿಸಿದ್ದ. ಆಚೆ ಬರ್ಮಾದ ಕಡೆಯ ನಾಲ್ವರು ಬಿದಿರಿನ ಡೋಲಿಯಲ್ಲಿ ಹೆಣ ಹೊತ್ತು ಗಡಿಯ ತಿಯಾವ್ ಹೊಳೆ ದಾಟಿಸಿದ್ದರು. ಹಿಂದಿನ ಮಧ್ಯಾಹ್ನ ಆಚೆ ಸೈನ್ಯದ ವಿಮಾನ ಬಂದು ಬಾಂಬು ಹಾಕಿದ್ದು ಈಚೆಯವರಿಗೂ ಕೇಳಿಸಿತ್ತು. ತಗಡಿನ ಮಾಡುಗಳು ಗಡಗಡ ಅಂದಿದ್ದವು, ನಾಯಿಗಳು ಮಂಚದಡಿ ಸೇರಿದ್ದವು, ಜನ ಅಂಗಳಕ್ಕೆ ಬಂದು ಎದುರು ಬೆಟ್ಟದ ಹೊಗೆ ನೋಡಿ, ಇವತ್ತು ಯಾರ ಸರದಿಯೋ ಪಾಪ ಎಂದು ಒಳಗೆ ಹೋಗಿದ್ದರು. ಸರದಿ ಲಿಯಾನ್ ಮಾಂಗನದಾಗಿತ್ತು. ಅವನು ಸಿಪಾಯಿಯೂ ಅಲ್ಲ, ಸೈನ್ಯದ ವಿರುದ್ಧ ಕಾಡು ಸೇರಿದ ಹುಡುಗರ ಪೈಕಿಯೂ ಅಲ್ಲ. ತನ್ನ ಹೊಲದಲ್ಲಿ ಭತ್ತ ಕೊಯ್ಯುತ್ತಿದ್ದ.

ಅವನ ಹೆಂಡತಿ ಸುಯ್‌ಪಾರ್ ಕಾಪ್‌ಕೀಮಾನ ಮನೆಯಲ್ಲೇ ಇದ್ದಳು. ಅವಳಿಗೆ ಒಂಬತ್ತನೆಯ ತಿಂಗಳು.

"ಹೋದ ವಾರ ನಲ್ಲಿ ಹತ್ರ ಬಿದ್ದು ಕೈಕಾಲು ಸೆಟೆದುಕೊಂಡಿದ್ದು ನೀನೇ ನೋಡಿದ್ಯಲ್ಲ," ಎಂದಳು ಬಿಯಾಕಿ, ತಂತಿಯನ್ನು ಕೈಗೆ ಸುತ್ತಿಕೊಳ್ಳುತ್ತಾ. "ರಕ್ತದೊತ್ತಡ ಇಳೀತಾನೇ ಇಲ್ಲ. ಮನಸ್ಸಿಗೆ ಆಘಾತ ಆಗೋ ಹಾಗೆ ಏನೂ ಆಗಬಾರದು ಅಂತ ಪಟ್ಟಣದ ಡಾಕ್ಟ್ರು ಸಾರಿ ಸಾರಿ ಹೇಳಿದಾರೆ. ಛಾನಾನ ಜೀಪಿನ ಕುಲುಕಾಟ ಅವಳಿಗಾಗಲ್ಲ. ಸೋಮವಾರ ಆಸ್ಪತ್ರೆ ಜೀಪು ಬರುತ್ತೆ, ಸೇರಿಸ್ತೀನಿ. ಇವತ್ತು ಗುರುವಾರ. ನಾಲ್ಕೇ ನಾಲ್ಕು ದಿನ ಬಾಯಿ ಮುಚ್ಕೊಂಡಿರೋಕೆ ಈ ಊರಿಗೆ ಆಗಲ್ವಾ?"

ಕಾಪ್‌ಕೀಮಾ ಛಾನಾನ ಮುಖ ನೋಡಿದ. ಛಾನಾ ನೆಲ ನೋಡಿದ.

"ಹೆಸರು ಕೂಗದೆ ಹೂಳೋದಾ?" ಎಂದ ಕಾಪ್‌ಕೀಮಾ. "ನಾಯಿ ಹೂತ ಹಾಗೆ?"

"ಹೆರಿಗೆ ಆದ ಮೇಲೆ ಕೂಗು. ಮೂರು ದಿನ ಬೇಕಾದ್ರೂ ಕೂಗು. ನಾನೇ ಬಂದು ನಿನ್ನ ಪಕ್ಕ ನಿಂತ್ಕೋತೀನಿ."

ಪಾದ್ರಿಯನ್ನು ಕರೆಸಿದರು. ಅವರೂ ಗಡ್ಡ ತುರಿಸಿಕೊಂಡು, ಹುಟ್ಟಬೇಕಾದ ಜೀವವೇ ದೊಡ್ಡದು ಎಂದರು. ಆರೇ ಆರು ಜನ ಸದ್ದಿಲ್ಲದೆ ಗುಂಡಿ ತೆಗೆಯುವುದು, ಡೋಲಿಲ್ಲ, ಹಾಡಿಲ್ಲ, ಮಧ್ಯಾಹ್ನದೊಳಗೆ ಮುಗಿಸುವುದು. ಸುಯ್‌ಪಾರ್‌ಳ ಕಿವಿಗೆ ಬೀಳದಂತೆ ಊರಿಗೆ ಬಾಯಿಂದ ಬಾಯಿಗೆ ತಿಳಿಸುವುದು. ಅವಳನ್ನು ಉಳಿಸಿಕೊಳ್ಳುವುದಕ್ಕೆ ಬೇರೆ ದಾರಿ ಇಲ್ಲವೆಂದು ಕಾಪ್‌ಕೀಮಾನಿಗೂ ಅನ್ನಿಸಿತು. ಅವನು ತಲೆಯಾಡಿಸಿದ.

ಸುಯ್‌ಪಾರ್ ಆಗಸ್ಟಿನಲ್ಲಿ ಗಂಡನ ಜೊತೆ ಹೊಳೆ ದಾಟಿ ಬಂದವಳು. ಆ ವಾರ ಮುನ್ನೂರು ಜನ ಬಂದಿದ್ದರು. ಊರಿನಲ್ಲಿದ್ದದ್ದೇ ನೂರಾ ನಲವತ್ತು ಮನೆ. ಸರ್ಕಾರದ ಚೀಟಿಗಾಗಿ ಯಾರೂ ಕಾಯಲಿಲ್ಲ. ಹೊಳೆಯ ಆಚೆಯವರೂ ಈಚೆಯವರೂ ಒಂದೇ ಅಜ್ಜನ ಮಕ್ಕಳು, ನಡುವೆ ಗಡಿ ಗೀಚಿದವನು ಯಾವನೋ. ಮಾತಿನ ರಾಗ ಕೊಂಚ ಬೇರೆ, ಅಷ್ಟೆ. ಸಮುದಾಯ ಭವನ ತುಂಬಿತು, ಶಾಲೆ ತುಂಬಿತು, ಮಿಕ್ಕವರನ್ನು ಮನೆಗಳವರು ಕೈ ಹಿಡಿದು ಕರೆದುಕೊಂಡು ಹೋದರು. ಕಾಪ್‌ಕೀಮಾನ ಹೆಂಡತಿ ಥನ್‌ಪಾರಿ, ಬಸುರಿಯನ್ನು ಕಂಡವಳೇ, "ಇವಳು ನನ್ನವಳು, ಯಾರೂ ಮುಟ್ಟಬೇಡಿ," ಎಂದು ಸಂತೆಯಲ್ಲಿ ಒಳ್ಳೆಯ ಕುಂಬಳಕಾಯಿ ಆರಿಸಿಕೊಂಡವಳ ಹಾಗೆ ಎಳೆದುಕೊಂಡು ಬಂದಿದ್ದಳು.

ಊಟಕ್ಕೆ ಹಿಡಿಯಕ್ಕಿ. ಅನ್ನಕ್ಕಿಡುವಾಗಲೆಲ್ಲ ಒಂದು ಹಿಡಿ ಅಕ್ಕಿ ತೆಗೆದು ಬೇರೆ ಡಬ್ಬಕ್ಕೆ ಹಾಕಿ ಚರ್ಚಿಗೆ ಕೊಡುವುದು ಆ ಊರಿನ ಹೆಂಗಸರ ಹಳೆಯ ಪದ್ಧತಿ. ಆಗಸ್ಟಿನಿಂದ ಅದು ಎರಡು ಹಿಡಿಯಾಯಿತು, ಎರಡನೆಯದು ಬಂದವರಿಗೆ. ಯಾರೂ ಮರೆಯದಿರಲೆಂದು ಪ್ರತಿ ಸಂಜೆ ಆರಕ್ಕೆ ಕಾಪ್‌ಕೀಮಾ ಕೂಗುತ್ತಿದ್ದ: "ಅಮ್ಮಂದಿರೇ, ಅಕ್ಕಂದಿರೇ, ಒಲೆ ಹಚ್ಚೋ ಮುಂಚೆ ನೆನಪಿರಲಿ. ಹೊಳೆ ದಾಟಿ ಬಂದವರು ಹಸಿದಿದ್ದಾರೆ. ಇನ್ನೊಂದು ಹಿಡಿ!" ಈ ಕೂಗಿಗೆ ಅವನು ತನ್ನ ಅತ್ಯಂತ ಕರುಣೆಯ ದನಿಯನ್ನು ತೆಗೆದಿರಿಸಿದ್ದ. ಅದು ಕೇಳಿ ಕಣ್ಣೀರು ಬಂತು ಎಂದು ಎಷ್ಟೋ ಹೆಂಗಸರು ಹೇಳಿದ್ದುಂಟು.

ಅಕ್ಟೋಬರ್ ಕೊನೆಯಲ್ಲಿ ಲಿಯಾನ್ ಮಾಂಗ್, ಹೊಲದಲ್ಲಿ ಭತ್ತ ಒಣಗುತ್ತಿದೆ, ಹದಿನೈದು ದಿನ ಕೊಯ್ದು ಬಂದುಬಿಡುತ್ತೇನೆ ಎಂದು ಹೊರಟ. ಎಲ್ಲರೂ ಬೇಡವೆಂದರು. ಅವನು ನಕ್ಕು ಹೋದ.

ಈಗ ಕಾಪ್‌ಕೀಮಾ ತನ್ನ ಮನೆಗೆ ಹೋಗಬೇಕಾಯಿತು. ಹೆಣಕ್ಕೆ ತೊಡಿಸಲು ಒಂದು ಅಂಗಿ ಬೇಕಿತ್ತು. ಸುಯ್‌ಪಾರ್ ಅಂಗಳದ ಬಿಸಿಲಲ್ಲಿ ಊದಿದ ಕಾಲು ಚಾಚಿಕೊಂಡು ಜೋಳದ ಕಾಳು ಬಿಡಿಸುತ್ತಿದ್ದಳು.

"ಏನು ಮಾವ, ಬೆಳಗ್ಗೆಯಿಂದ ನಿನ್ನ ಗಂಟಲೇ ಕೇಳಿಸಲಿಲ್ಲ? ಊರಲ್ಲಿ ಒಂದು ಹಂದಿನೂ ಕಳೆದುಹೋಗಿಲ್ವಾ?"

"ತಂತಿ ಕಿತ್ತುಹೋಗಿದೆ," ಎಂದ ಕಾಪ್‌ಕೀಮಾ. ಅದೇನೂ ಸುಳ್ಳಾಗಿರಲಿಲ್ಲ.

"ಸದ್ಯ! ಇನ್ನು ನಾಲ್ಕು ದಿನ ರಿಪೇರಿ ಮಾಡಿಸಬೇಡ. ಒಳಗಿರೋದು ನಿನ್ನ ದನಿ ಕೇಳಿದ್ರೆ ಸಾಕು ಒದೆಯೋಕೆ ಶುರು ಮಾಡುತ್ತೆ."

ಅವನು ನಗಬೇಕೆಂದು ಬಾಯಿ ಅಗಲಿಸಿದ. ಮುಖ ಎಲ್ಲಿಡುವುದೆಂದು ತಿಳಿಯದೆ ಸೀದಾ ಒಳಗೆ ಹೋದ. ಒಳಗೆ ಥನ್‌ಪಾರಿ ಒಲೆಯ ಮುಂದೆ ಬೆನ್ನು ಮಾಡಿಕೊಂಡು ಕೂತಿದ್ದಳು. ಅವಳಿಗಾಗಲೇ ಸುದ್ದಿ ಮುಟ್ಟಿತ್ತು.

"ಅವಳಿಗೆ ಗಂಜಿ ಬಡಿಸಬೇಕು," ಎಂದಳು ಪಿಸುದನಿಯಲ್ಲಿ. "ಅವಳ ಮುಖ ನೋಡ್ಕೊಂಡು ಬಡಿಸಬೇಕು. ನೀವೆಲ್ಲ ಕಚೇರೀಲಿ ಕೂತು ಮಾತಾಡಿದ್ರಲ್ಲ, ಇದನ್ನ ಹೇಗೆ ಮಾಡೋದು ಅಂತನೂ ಮಾತಾಡ್ಕೊಂಡ್ರಾ?"

"ನಾಲ್ಕು ದಿನ ಕಣೇ."

"ಅವಳ ಜಾಗದಲ್ಲಿ ನಾನಿದ್ದು, ನೀನು ಸತ್ತು, ಇವರೆಲ್ಲ ಹೀಗೆ ಮಾಡಿದ್ರೆ ನಾನು ಈ ಊರಿಗೆ ಬೆಂಕಿ ಹಚ್ತಿದ್ದೆ," ಎಂದಳು ಥನ್‌ಪಾರಿ, ಆದರೂ ಪೆಟ್ಟಿಗೆ ತೆರೆದು ಅವನ ಕ್ರಿಸ್‌ಮಸ್ ಅಂಗಿಯನ್ನೇ ತೆಗೆದು ಕೊಟ್ಟಳು. ಅವನು ಅದನ್ನು ಕಂಕುಳಲ್ಲಿ ಅವುಚಿಕೊಂಡು ಹಿತ್ತಿಲ ಬಾಗಿಲಿನಿಂದ ಕಳ್ಳನ ಹಾಗೆ ಹೊರಬಿದ್ದ.

ಹೆಣವನ್ನು ಊರ ಕೆಳಗಿನ ರಸ್ತೆಯಲ್ಲಿದ್ದ ಛಾನಾನ ಜೀಪ್ ಶೆಡ್ಡಿನಲ್ಲಿ ಮಲಗಿಸಿದ್ದರು. ಕಾಪ್‌ಕೀಮಾ ತನ್ನ ಬದುಕಿನಲ್ಲಿ ಎಷ್ಟೋ ಹೆಣ ತೊಳೆದವನು. ಮುದುಕರದು, ಜ್ವರದಲ್ಲಿ ಹೋದವರದು, ಮರದಿಂದ ಬಿದ್ದವರದು. ಆದರೆ ಕಂಬಳಿ ಸರಿಸಿದಾಗ ಅವನು ಪಕ್ಕದಲ್ಲಿದ್ದ ಟೈರಿನ ಮೇಲೆ ಕೂತುಬಿಟ್ಟ. ಮುಖಕ್ಕೆ ಒಂದು ಗೀರೂ ಇಲ್ಲ. ಎದೆಯ ಕೆಳಗೆ ಎಡಭಾಗದಲ್ಲಿ ಮಾತ್ರ, ಇರಬೇಕಾದದ್ದು ಇರಲಿಲ್ಲ. ಒಬ್ಬ ಮನುಷ್ಯನನ್ನು ಹೀಗೂ ಮಾಡಲು ಸಾಧ್ಯವೇ, ಅದೂ ಅಷ್ಟು ಮೇಲಿನಿಂದ, ಅವನ ಹೆಸರೂ ಗೊತ್ತಿಲ್ಲದೆ? ಕಾಪ್‌ಕೀಮಾನಿಗೆ ಸಿಟ್ಟು ಬಂತು, ಆಮೇಲೆ ಅದೂ ಹೋಗಿ ತಲೆ ಖಾಲಿಯಾಯಿತು. ಕುತ್ತಿಗೆಯ ಬೆವರಿಗೆ ಭತ್ತದ ಹೊಟ್ಟು ಅಂಟಿಕೊಂಡು ಹಾಗೇ ಒಣಗಿತ್ತು. ಕೊಯ್ಲಿನಲ್ಲಿ ಅದು ಎಷ್ಟು ತುರಿಸುತ್ತದೆಂದು ಬಲ್ಲ ಅವನು ಒದ್ದೆ ಬಟ್ಟೆಯಿಂದ ಒಂದೊಂದನ್ನೇ ಒರೆಸಿ ತೆಗೆದ. ಛಾನಾ ಅವಸರ ಮಾಡುತ್ತಿದ್ದ. ಹೊಟ್ಟೆಗೆ ಬಟ್ಟೆ ಸುತ್ತಿ, ಅಂಗಿ ತೊಡಿಸಿ, ಹಲಗೆ ಪೆಟ್ಟಿಗೆಯಲ್ಲಿಟ್ಟು ಕಂಬಳಿ ಹೊದಿಸಿ ಹೊರಟರು.

ಸ್ಮಶಾನದ ತಿರುವಿನಲ್ಲಿ ಛಾನಾ ಗಕ್ಕನೆ ನಿಂತ. "ಅಯ್ಯೋ ಇವರ," ಎಂದ.

ಆರು ಜನ ಇರಬೇಕಿದ್ದಲ್ಲಿ ಊರೇ ಇತ್ತು. ಮನೆಗೊಬ್ಬ ಗಂಡಸು, ಪ್ರತಿಯೊಬ್ಬನ ಕೈಯಲ್ಲಿ ಗುದ್ದಲಿಯೋ ಹಾರೆಯೋ. ಸಮುದಾಯ ಭವನದಲ್ಲಿದ್ದ ಆಚೆಯ ಗಂಡಸರೂ ಬಂದಿದ್ದರು. ಬೇಲಿಯ ಪಕ್ಕ ಹೆಂಗಸರು. ಒಬ್ಬರೂ ಮಾತಾಡುತ್ತಿರಲಿಲ್ಲ.

"ನಿಮಗ್ಯಾರು ಬರೋಕೆ ಹೇಳಿದ್ದು?" ಛಾನಾ ಹಲ್ಲು ಕಚ್ಚಿ ಕೇಳಿದ. "ಸದ್ದಿಲ್ಲದೆ ಆಗಬೇಕು ಅಂದಿದ್ದೆ. ಹೋಗ್ರೋ, ಹೊಲಕ್ಕೆ ಹೋಗಿ ಕೊಯ್ಲು ಮಾಡಿ!"

"ಸಾವಿನ ದಿನ ಹೊಲಕ್ಕೆ ಹೋಗೋದಾ?" ಎಂದ ಒಬ್ಬ ಮುದುಕ. "ನಿಮ್ಮಪ್ಪ ಹೋಗಿದ್ನಾ? ನಾವು ಸದ್ದು ಮಾಡ್ತಿಲ್ವಲ್ಲ, ನೋಡು. ಸುಮ್ಮನೆ ಬಂದಿದೀವಿ."

ಛಾನಾ ಪೆಟ್ಟಿಗೆಯ ಜೊತೆ ಒಳಗೆ ನಡೆದ. ಕಾಪ್‌ಕೀಮಾನಿಗಂತೂ ಎದೆ ತುಂಬಿ ಬಂತು. ಕೊಯ್ಲಿನ ದಿನ, ಇಂಥ ಬಿಸಿಲು ವರ್ಷಕ್ಕೆ ಹತ್ತು ಸಲ ಸಿಕ್ಕರೆ ಹೆಚ್ಚು. ಯಾರೂ ಕೂಗದಿದ್ದರೂ, ಯಾರದೋ ದೇಶದ ಯಾರೋ ಒಬ್ಬನಿಗಾಗಿ ಇಡೀ ಊರು ಕುಡುಗೋಲು ಕೆಳಗಿಟ್ಟಿದೆ. ಎಂಥ ಊರು ನನ್ನದು ಅಂದುಕೊಂಡ. ಆ ಹೆಮ್ಮೆಯಲ್ಲಿ ಅವನಿಗೆ ಆಗಬಾರದ್ದೊಂದು ಆಗಿಹೋಗಿರುವುದು ಕಾಣಲಿಲ್ಲ. ಉಳಿದವರಿಗೂ ಕಾಣಲಿಲ್ಲ.

ಒಂದು ಗಂಟೆಯಲ್ಲಿ ಗುಂಡಿಯಾಯಿತು. ಪಾದ್ರಿ ಪಕ್ಕದವರಿಗಷ್ಟೇ ಕೇಳುವಂತೆ ಪ್ರಾರ್ಥನೆ ಹೇಳಿದರು. ಹಾಡುವ ಜಾಗದಲ್ಲಿ ಎಲ್ಲರೂ ತುಟಿ ಬಿಗಿದು ನಿಂತರು. ಡೋಲಿನವನ ಬೆರಳುಗಳು ತನ್ನ ತೊಡೆಯ ಮೇಲೆ ತಾವಾಗಿಯೇ ಆಡುತ್ತಿದ್ದವು. ಮಣ್ಣು ಬೀಳುವ ಸದ್ದು ಅಷ್ಟು ಜೋರಾಗಿರುತ್ತದೆಂದು ಕಾಪ್‌ಕೀಮಾನಿಗೆ ಆ ದಿನದವರೆಗೆ ಗೊತ್ತಿರಲಿಲ್ಲ, ಯಾಕೆಂದರೆ ಯಾವತ್ತೂ ಅದು ಹಾಡಿನ ಕೆಳಗೆ ಮುಚ್ಚಿಹೋಗುತ್ತಿತ್ತು.

ಅವನು ಮನೆಗೆ ಬಂದಾಗ ಎರಡು ಗಂಟೆಯಾಗಿತ್ತು. ಸುಯ್‌ಪಾರ್ ಅಂಗಳದ ಅಂಚಿನಲ್ಲಿ, ಬೇಲಿಯ ಗೂಟ ಹಿಡಿದು ನಿಂತಿದ್ದಳು. ಕಾಲು ನೆಲಕ್ಕೆ ಊರಬಾರದೆಂದು ಬಿಯಾಕಿ ಹೇಳಿದ್ದಳು.

"ಕೂತ್ಕೋ ತಾಯಿ, ಯಾಕೆ ನಿಂತಿದೀಯ?"

"ಯಾರು ಸತ್ತಿದ್ದು, ಮಾವ?"

"ಯಾರೂ ಇಲ್ಲ."

ಅವಳು ಎದುರಿನ ಇಳಿಜಾರಿನತ್ತ ಕೈ ತೋರಿಸಿದಳು. ಅಲ್ಲಿ ಊರಿನ ಅಷ್ಟೂ ಹೊಲಗಳು ಹಣ್ಣಾಗಿ ಬಿಸಿಲಿಗೆ ಬಿದ್ದುಕೊಂಡಿದ್ದವು. ಒಂದು ಟೋಪಿಯಿಲ್ಲ, ಒಂದು ಬುಟ್ಟಿಯಿಲ್ಲ, ಗುಡಿಸಲುಗಳಿಂದ ಹೊಗೆಯಿಲ್ಲ.

"ಬೆಳಗ್ಗೆಯಿಂದ ನೋಡ್ತಿದೀನಿ. ಒಬ್ಬರೂ ಕೊಯ್ಲಿಗೆ ಹೋಗಿಲ್ಲ. ಭಾನುವಾರ ಅಲ್ಲ ಇವತ್ತು. ಈಗ ಎಲ್ಲರೂ ಮೊಣಕೈ ತನಕ ಕೆಂಪು ಮಣ್ಣು ಮಾಡ್ಕೊಂಡು ಬಂದು ಕೆಳಗಿನ ನಲ್ಲೀಲಿ ಕೈ ತೊಳ್ಕೊಂಡ್ರು. ನನ್ನ ಕಂಡವರೆಲ್ಲ ಆ ಕಡೆ ತಿರುಗಿಕೊಂಡ್ರು. ನಮ್ಮ ಕಡೆನೂ ಸಾವಿನ ದಿನ ಹೊಲಕ್ಕೆ ಹೋಗಲ್ಲ ಮಾವ, ನಂಗೂ ಗೊತ್ತು. ಯಾರಾದ್ರೂ ಸತ್ರೆ ನೀನು ಕೂಗ್ತೀಯ. ನೀನು ಕೂಗಲಿಲ್ಲ." ಅವಳ ದನಿ ಶಾಂತವಾಗಿತ್ತು. ಆ ಶಾಂತಿಯೇ ಅವನನ್ನು ಹೆದರಿಸಿತು. "ಊರಿಗೆಲ್ಲ ಗೊತ್ತಿದ್ದು ನಾನೊಬ್ಬಳು ಮಾತ್ರ ಕೇಳಬಾರದ ಸಾವು ಯಾವುದು? ಈ ಪ್ರಪಂಚದಲ್ಲಿ ನಂಗೆ ಇದ್ದವನು ಒಬ್ಬನೇ."

ಮೂವತ್ತೊಂದು ವರ್ಷ ಸಾವು ಸಾರಿದ ನಾಲಿಗೆ ಈ ಒಬ್ಬಳ ಮುಂದೆ ಹೊರಳಲಿಲ್ಲ. ಥನ್‌ಪಾರಿ ಬಾಗಿಲಿಗೆ ಬಂದಳು, ಸೆರಗಿನಂತೆ ಹೊದ್ದಿದ್ದ ಶಾಲಿನಿಂದ ಬಾಯಿ ಮುಚ್ಚಿಕೊಂಡಳು. ಅಷ್ಟು ಸಾಕಾಯಿತು.

ಸುಯ್‌ಪಾರ್ ಗೂಟ ಹಿಡಿದುಕೊಂಡೇ ಮೆಲ್ಲನೆ ನೆಲಕ್ಕೆ ಕುಸಿದು ಕೂತಳು. ಕಿರುಚಲಿಲ್ಲ. ತನ್ನ ಅಂಗೈಗಳನ್ನೇ ನೋಡಿಕೊಂಡಳು. ಆಮೇಲೆ, "ಎಲ್ಲಿಟ್ಟಿದೀರಿ?" ಎಂದು ಕೇಳಿದಳು. "ಕರ್ಕೊಂಡು ಹೋಗಿ. ನಾನು ತಲೆ ಹತ್ರ ಕೂತ್ಕೋಬೇಕು."

"ಮಣ್ಣು ಮಾಡಿದ್ವಿ ತಾಯಿ."

ಅವಳಿಗೆ ಅರ್ಥವಾಗಲಿಲ್ಲ. ಅವನ ಮುಖ ನೋಡಿದಳು, ಥನ್‌ಪಾರಿಯ ಮುಖ ನೋಡಿದಳು, ತಪ್ಪಾಗಿ ಕೇಳಿಸಿತೇ ಎನ್ನುವಂತೆ ಮತ್ತೆ ಅವನ ಮುಖ ನೋಡಿದಳು.

"ನಾನಿಲ್ಲದೆ?"

ಥನ್‌ಪಾರಿ ಬಂದು ಅವಳ ಪಕ್ಕ ನೆಲದ ಮೇಲೆ ಕೂತಳು.

"ಹೊಳೆ ಆಚೆ ಬಾಂಬು ಹಾಕೋವಾಗ ನಾವು ನಾಯಿ ಸತ್ರೂ ಹೂಳೋಕೆ ಮನೆಯವರನ್ನ ಕರೀತಿದ್ವಿ," ಎಂದಳು ಸುಯ್‌ಪಾರ್. "ಅವನ ಮುಖ ನೋಡೋಕೆ ನಾನು ಇಲ್ಲೇ ಇದ್ದೆ. ನಿನ್ನ ಅಂಗಳದಲ್ಲಿ ಜೋಳ ಬಿಡಿಸ್ತಿದ್ದೆ!"

"ನಿನ್ನ ಜೀವಕ್ಕೆ ಅಂತ," ಕಾಪ್‌ಕೀಮಾ ತೊದಲಿದ. "ನರ್ಸ್ ಹೇಳಿದ್ಲು. ಮಗುಗೆ ಏನಾದ್ರೂ ಆಗಿಬಿಡುತ್ತೆ ಅಂತ. ಒಳ್ಳೇದಕ್ಕೇ ಮಾಡಿದ್ವಿ."

"ನೀವು ಎಲ್ಲಾನೂ ಒಳ್ಳೇದಕ್ಕೇ ಮಾಡ್ತೀರಿ." ಅವಳು ಮೊದಲ ಸಲ ದನಿ ಎತ್ತಿದಳು. "ಅವನು ಯಾಕೆ ವಾಪಸ್ ಹೋದ ಅಂತ ಗೊತ್ತಾ ನಿಂಗೆ? ದಿನಾ ಸಂಜೆ ಆರು ಗಂಟೆಗೆ ಕೂಗ್ತಿದ್ಯಲ್ಲ, ಹೊಳೆ ದಾಟಿ ಬಂದವರು ಹಸಿದಿದ್ದಾರೆ, ಇನ್ನೊಂದು ಹಿಡಿ ಅಂತ. ಅವನು ನಿನ್ನ ಮನೆ ಹಿತ್ತಿಲಲ್ಲಿ ಎರಡೂ ಕಿವಿ ಮುಚ್ಕೊಂಡು ಕೂರ್ತಿದ್ದ. ಊರಿಗೆಲ್ಲ ನೂರು ಮೂಟೆ ಭತ್ತ ಅಳೆದವನ ಮಗ ಅವನು. ಈ ಕೂಗು ನಿಲ್ಲಬೇಕಾದ್ರೆ ನನ್ನ ಭತ್ತ ನಾನೇ ತರಬೇಕು ಸುಯ್ ಅಂತ ಹೋದ."

ಕಾಪ್‌ಕೀಮಾನಿಗೆ ಕಪಾಳಕ್ಕೆ ಹೊಡೆದಂತಾಯಿತು. ಅವನು ತನ್ನ ಕೂಗನ್ನು ಎಷ್ಟೋ ಸಲ ಮನಸ್ಸಿನಲ್ಲೇ ಮೆಚ್ಚಿಕೊಂಡಿದ್ದ. "ಹಸಿದಿದ್ದಾರೆ" ಎನ್ನುವಲ್ಲಿ ಕೊಂಚ ಎಳೆಯುವುದನ್ನು ಅವನೇ ಕಂಡುಕೊಂಡಿದ್ದ. ಆ ಎಳೆತ ಇದೇ ಮನೆಯ ಹಿತ್ತಿಲಿನಲ್ಲಿ ಕೂತ ಒಬ್ಬ ಮನುಷ್ಯನ ಮೇಲೆ ಎಂಬತ್ತು ಸಂಜೆ ಬಿದ್ದಿತ್ತು. ಬೆಟ್ಟದಾಚೆಯ ವಿಮಾನದವನಿಗೆ ಲಿಯಾನ್ ಮಾಂಗನ ಹೆಸರು ಗೊತ್ತಿರಲಿಲ್ಲ. ತನಗೆ ಗೊತ್ತಿತ್ತು. ಒಂದೇ ಒಲೆಯ ಮುಂದೆ ಕೂತು ಚಹಾ ಕುಡಿದಿದ್ದ. ಆದರೂ ಈ ಕೂಗು ಹೇಗನ್ನಿಸುತ್ತದೆಂದು ಅವನನ್ನು ಕೇಳಬೇಕೆಂದು ಒಮ್ಮೆಯೂ ಹೊಳೆದಿರಲಿಲ್ಲ.

ಅಷ್ಟರಲ್ಲಿ ಯಾರೋ ಹೇಳಿ ಬಿಯಾಕಿ ಓಡಿಬಂದಳು, ಬಂದವಳೇ ಸುಯ್‌ಪಾರ್‌ಳ ತೋಳಿಗೆ ರಕ್ತದೊತ್ತಡದ ಪಟ್ಟಿ ಸುತ್ತಿ ಗಾಳಿ ಒತ್ತಿದಳು. ಮಾಪಕ ನೋಡಿ ಅವಳ ಮುಖ ಬಿಗಿಯಿತು.

"ಒಳಗೆ ಮಲಗು. ಈಗಲೇ. ಕುಲುಕಿದ್ರೂ ಸರಿ, ಛಾನಾನ ಜೀಪು ತರಿಸ್ತೀನಿ, ಇವತ್ತೇ ಪಟ್ಟಣಕ್ಕೆ ಹೋಗೋಣ."

"ಬರ್ತೀನಿ. ಮೊದಲು ಅವನ ಮುಖ ನೋಡಬೇಕು."

"ಹೂತಾಗಿದೆ ಕಣೇ!"

"ತೆಗೀರಿ."

ಬೇಲಿಯ ಹೊರಗೆ ಸೇರಿದ್ದ ಜನರಲ್ಲಿ ಗುಸುಗುಸು ಎದ್ದಿತು. ಮುಚ್ಚಿದ ಗುಂಡಿಯನ್ನು ಆ ಊರಿನಲ್ಲಿ ಯಾರೂ, ಯಾವ ಕಾಲದಲ್ಲೂ ತೆರೆದಿರಲಿಲ್ಲ. ಪಾದ್ರಿ ಮುಂದೆ ಬಂದು, "ಮಗಳೇ, ಒಮ್ಮೆ ಪ್ರಾರ್ಥನೆ ಆಗಿ ಮಣ್ಣಿಗೆ ಒಪ್ಪಿಸಿದ ಮೇಲೆ..." ಎಂದು ಶುರು ಮಾಡಿದರು.

"ಯಾರನ್ನ ಒಪ್ಪಿಸಿದ್ರಿ, ಪಾದ್ರಿಗಳೇ? ಹೆಸರು ಕೂಗಿದ್ರಾ?" ಎಂದಳು ಸುಯ್‌ಪಾರ್. "ಕೂಗದೆ ಇದ್ದ ಮೇಲೆ ಅವನಿನ್ನೂ ಸತ್ತಿಲ್ಲ. ನಾನು ನೋಡದೆ ಇದ್ದ ಮೇಲೆ ನನ್ನ ಪಾಲಿಗೆ ಅವನಿನ್ನೂ ಆ ಹೊಲದಲ್ಲೇ ಇದಾನೆ. ದಿನಾ ಹೊಳೆ ಕಡೆ ನೋಡ್ಕೊಂಡು ಕೂರ್ತೀನಿ. ನಿಮ್ಮ ನಾಲ್ಕು ದಿನ ಅಲ್ಲ, ಸಾಯೋ ತನಕ ಕೂರ್ತೀನಿ. ಅದು ಬೇಕಾ ನಿಮಗೆ?"

ಎಲ್ಲರೂ ಕಾಪ್‌ಕೀಮಾನತ್ತ ನೋಡಿದರು. ಅವನು ಬಿಯಾಕಿಯ ಮುಂದೆ ಕೈ ಚಾಚಿದ.

"ತಂತಿ ಕೊಡು."

"ಮಾವ, ಬೇಡ. ಏನಾದ್ರೂ ಆದ್ರೆ?"

"ಆಗಿರೋದು ಸಾಲದಾ? ಕೊಡು."

ಬಿಯಾಕಿ ಒಂದು ಗಳಿಗೆ ಸುಯ್‌ಪಾರ್‌ಳ ಮುಖ ನೋಡಿದಳು, ಮಾಪಕ ನೋಡಿದಳು, ಕೊನೆಗೆ ಜೇಬಿನಿಂದ ತಂತಿಯ ಸುರುಳಿ ತೆಗೆದು ಅವನ ಅಂಗೈಯಲ್ಲಿಟ್ಟಳು.

ಅವನು ಕಚೇರಿಗೆ ಹೋಗಿ ತಂತಿ ಸಿಕ್ಕಿಸಿದ. ಈ ಸಲ ಊದಿ ನೋಡಲಿಲ್ಲ. ಕರುಣೆಯ ದನಿಯಾಗಲಿ, ಸಾವಿನ ದನಿಯಾಗಲಿ, ತಾನು ಇಷ್ಟು ವರ್ಷ ಪಳಗಿಸಿಕೊಂಡ ಯಾವ ದನಿಯೂ ಅವನಿಗೆ ಬೇಕೆನ್ನಿಸಲಿಲ್ಲ. ಪಕ್ಕದ ಮನೆಯವನನ್ನು ಕರೆಯುವಷ್ಟು ಗಟ್ಟಿಯಾಗಿ ಮಾತ್ರ ಹೇಳಿದ:

"ಊರಿನವರೇ. ಹಕ್ ಲಿಯಾನನ ಮಗ ಲಿಯಾನ್ ಮಾಂಗ್, ಮೂವತ್ತನಾಲ್ಕು ವರ್ಷ, ತೀರಿಕೊಂಡಿದ್ದಾನೆ. ಸಾವಾಗಿರೋದು ಕಾಪ್‌ಕೀಮಾನ ಮನೇಲಿ." ಅಲ್ಲಿ ಅವನು ನಿಂತ. ಯಾರ ಮನೆ ಎಂದು ಹೇಳಲೇಬೇಕಾಗಿತ್ತು, ಸತ್ತವನಿಗೆ ಈಚೆ ಬೇರೆ ಮನೆಯಿರಲಿಲ್ಲ. ತಾನು ಕೂಗಿದ್ದು ತನ್ನ ಕಿವಿಗೇ ಬಿದ್ದಾಗ ಅವನ ದನಿ ಒಡೆಯಿತು. ತಾಯಿಯ ಹೆಸರು ಕೂಗುವಾಗ ಒಡೆಯದಿದ್ದ ದನಿ. "ಅವನ ಹೆಂಡತಿ ಮುಖ ನೋಡಿಲ್ಲ. ನಾವು ನೋಡಗೊಡಲಿಲ್ಲ. ಗುದ್ದಲಿ ತಗೊಂಡು ಇನ್ನೊಂದ್ಸಲ ಬನ್ನಿ."

ಧ್ವನಿವರ್ಧಕದ ಗುಂಯ್‌ಗುಟ್ಟುವಿಕೆ ನಿಲ್ಲುವುದರೊಳಗೆ ಬಾಗಿಲುಗಳು ತೆರೆದುಕೊಂಡವು. ನಾಲ್ವರು ಸುಯ್‌ಪಾರ್‌ಳನ್ನು ಮರದ ಕುರ್ಚಿಯಲ್ಲಿ ಕೂರಿಸಿ, ಹೆಗಲಿಗೇರಿಸಿ ಹೊರಟರು. ಕುರ್ಚಿಯ ಪಕ್ಕದಲ್ಲಿ ಚೀಲ ಹಿಡಿದುಕೊಂಡು ಬಿಯಾಕಿ, ಹಿಂದೆ ಥನ್‌ಪಾರಿ. ಹಸಿಮಣ್ಣು ಇನ್ನೂ ಒತ್ತಿಕೊಂಡಿರಲಿಲ್ಲ, ಬೆಳಗ್ಗೆ ಒಂದು ಗಂಟೆ ಹಿಡಿದದ್ದು ಈಗ ಕಾಲು ಗಂಟೆಯಲ್ಲಿ ಆಯಿತು. ಅಗೆಯುವವರು ಯಾರೂ ತಲೆ ಎತ್ತಲಿಲ್ಲ. ಪೆಟ್ಟಿಗೆಯನ್ನು ಹಗ್ಗ ಹಾಕಿ ಮೇಲೆತ್ತಿ ಕುರ್ಚಿಯ ಮುಂದಿಟ್ಟು, ಛಾನಾ ಮುಚ್ಚಳದ ಮೊಳೆಗಳನ್ನು ಕಿತ್ತ. ಕಾಪ್‌ಕೀಮಾ ಕಂಬಳಿಯನ್ನು ಎದೆಯ ತನಕ ಮಾತ್ರ ಸರಿಸಿ, ಅಲ್ಲೇ ಕೈಯಿಂದ ಒತ್ತಿ ಹಿಡಿದ.

"ಇದರಿಂದ ಕೆಳಗೆ ಬೇಡ," ಎಂದ. ಅವಳು ಅವನ ಕೈ ನೋಡಿ ತಲೆಯಾಡಿಸಿದಳು.

ಕುರ್ಚಿಯಿಂದಿಳಿದು ಗಂಡನ ತಲೆಯ ಬಳಿ ಕೂತಳು. ಹಣೆ ಮುಟ್ಟಿದಳು, ಕಿವಿ ಮುಟ್ಟಿದಳು. ಇಡೀ ಊರು ಅವಳ ಬೆನ್ನನ್ನೇ ನೋಡುತ್ತಿತ್ತು. ಅವಳು ಕೆನ್ನೆಯ ಮೇಲೆ ಬೆರಳಾಡಿಸಿ ತಟ್ಟನೆ ತಲೆ ಎತ್ತಿದಳು.

"ಗಡ್ಡ ಹಾಗೇ ಇದೆ."

ಛಾನಾ ಬಗ್ಗಿ ನೋಡಿದ.

"ನನ್ನ ಜೊತೆ ಇದ್ದಾಗ ಒಂದು ದಿನ ಬಿಟ್ಟವನಲ್ಲ ಇವನು. ಹೊಳೆ ದಾಟೋವಾಗಲೂ ಕ್ಷೌರದ ಕತ್ತಿ ತಂದಿದ್ದ. ಇಷ್ಟು ಜನ ಇದ್ದೀರಲ್ಲ, ಒಬ್ಬರಿಗೂ ಕಾಣಿಸಲಿಲ್ವಾ?"

ಒಬ್ಬರಿಗೂ ಕಂಡಿರಲಿಲ್ಲ. ಅವಸರದಲ್ಲಿ ತೊಳೆದು, ಅವಸರದಲ್ಲಿ ಅಂಗಿ ಹಾಕಿ, ಸದ್ದಿಲ್ಲದೆ ಮುಚ್ಚುವ ಗಡಿಬಿಡಿಯಲ್ಲಿ ಹದಿನೈದು ದಿನದ ಗಡ್ಡ ಕಾಪ್‌ಕೀಮಾನ ಕಣ್ಣಿಗೂ ಬಿದ್ದಿರಲಿಲ್ಲ. ಹತ್ತಿರದ ಮನೆಯಿಂದ ಕತ್ತಿ ತಂದರು, ಒಂದು ಬಟ್ಟಲು ನೀರು, ಸೋಪು. ಸುಯ್‌ಪಾರ್ ಗಲ್ಲ ಹಿಡಿದುಕೊಂಡಳು. ಕಾಪ್‌ಕೀಮಾ ಬಗ್ಗಿ ನಿಧಾನವಾಗಿ ಬೋಳಿಸಿದ. ಅವನ ಕಣ್ಣೀರು ಸೋಪಿನ ನೊರೆಗೆ ಬೀಳುತ್ತಿತ್ತು, ಅವಳ ಕಣ್ಣಿನಲ್ಲಿ ಇನ್ನೂ ಒಂದು ಹನಿಯಿರಲಿಲ್ಲ. ಕೆಳತುಟಿಯ ಕೆಳಗೆ ಬಿಟ್ಟುಹೋಗಿದ್ದನ್ನು ಅವಳು ಬೆರಳಿಟ್ಟು ತೋರಿಸಿದಳು. ಅದನ್ನೂ ತೆಗೆದ.

ಅಷ್ಟಾದ ಮೇಲೆ ಅವಳು ಗಂಡನ ಕೆನ್ನೆಗೆ ಕೆನ್ನೆ ಇಟ್ಟಳು. ಆಗ ಅಳು ಬಂತು. ಅದು ಹೊಳೆಯ ಆಚೆಗೂ ಕೇಳಿಸಿರಬೇಕು. ಡೋಲಿನವನು ಯಾರನ್ನೂ ಕೇಳದೆ ಡೋಲು ಬಾರಿಸಿದ, ಬೆಳಗ್ಗೆಯಿಂದ ಬಿಗಿದ ಬಾಯಿಗಳೆಲ್ಲ ಒಟ್ಟಿಗೇ ತೆರೆದುಕೊಂಡವು. ಹೆಂಗಸರು ಬಂದು ಅವಳ ಸುತ್ತ, ಒಬ್ಬರಿಗೊಬ್ಬರು ಒತ್ತಿಕೊಂಡು ಕೂತರು.

ಮೊದಲ ಹಾಡು ಮುಗಿದಾಗ ಬಿಯಾಕಿ ಕೈ ಎತ್ತಿದಳು. ಡೋಲು ನಿಂತಿತು. ಅವಳು ಮಗುವಿನ ಎದೆಬಡಿತ ಕೇಳುವ ಕೊಳವೆಯ ಒಂದು ತುದಿಯನ್ನು ಸುಯ್‌ಪಾರ್‌ಳ ಹೊಟ್ಟೆಗೆ ಒತ್ತಿ ಇನ್ನೊಂದಕ್ಕೆ ಕಿವಿ ಕೊಟ್ಟು ಕಣ್ಣು ಮುಚ್ಚಿದಳು. ಜಾಗ ಬದಲಿಸಿ ಮತ್ತೆ ಕೇಳಿದಳು. ಆಮೇಲೆ ತೋಳಿಗೆ ಪಟ್ಟಿ ಸುತ್ತಿ ಮಾಪಕ ನೋಡಿದಳು.

"ಬಡಿತ ಚೆನ್ನಾಗಿದೆ," ಎಂದಳು. ಮತ್ತೆ, ಯಾರ ಮುಖವನ್ನೂ ನೋಡದೆ, "ಒತ್ತಡ ಬೆಳಗ್ಗೆ ಇದ್ದಷ್ಟೇ ಇದೆ. ಅಷ್ಟೇ. ಮಣ್ಣಾದ ಕೂಡಲೇ ಜೀಪು ಹತ್ತಬೇಕು," ಎಂದು ಸಾಮಾನುಗಳನ್ನು ಚೀಲಕ್ಕೆ ಹಾಕಿಕೊಂಡಳು.

ಮುಚ್ಚಳಕ್ಕೆ ಮತ್ತೆ ಮೊಳೆ ಹೊಡೆಯುವಾಗ ಕಾಪ್‌ಕೀಮಾ ಮತ್ತೆ ಕುರ್ಚಿಯಲ್ಲಿ ಕೂತಿದ್ದ ಸುಯ್‌ಪಾರ್‌ಳ ಪಕ್ಕ ಮಂಡಿಯೂರಿದ. ಅವನ ಕೈಯಲ್ಲಿ ಇನ್ನೂ ಒದ್ದೆ ಕತ್ತಿಯಿತ್ತು.

"ನನ್ನ ಕ್ಷಮಿಸಿಬಿಡು ತಾಯಿ," ಎಂದ. "ಬೆಳಗ್ಗೆದಕ್ಕೂ, ಆ ಸಂಜೆಗಳಿಗೂ."

ಅವಳು ಗುಂಡಿಯ ಕಡೆಯೇ ನೋಡುತ್ತಿದ್ದಳು.

"ಇವತ್ತು ಕೇಳಬೇಡ ಮಾವ," ಎಂದಳು. "ಇವತ್ತು ನಂಗೆ ಅವನೊಬ್ಬನಿಗಾಗಿ ಅಳೋಕೇ ಶಕ್ತಿ ಇರೋದು. ನಿನ್ನ ಸಮಾಧಾನ ಮಾಡೋಕೆ ಆಗಲ್ಲ."

ಕಾಪ್‌ಕೀಮಾ ಎದ್ದು, ಕತ್ತಿಯನ್ನು ಒರೆಸಿ ಅದರ ಯಜಮಾನನಿಗೆ ಹಿಂತಿರುಗಿಸಿದ. ಆಮೇಲೆ ಸಾಲಿನ ಕೊನೆಯಲ್ಲಿದ್ದವನ ಕೈಯಿಂದ ಗುದ್ದಲಿ ತೆಗೆದುಕೊಂಡು ಎಲ್ಲರ ಜೊತೆ ಮಣ್ಣೆಳೆಯತೊಡಗಿದ.